ಗಂಟೆ ಬ್ರದರ್

ಸಂನ್ಯಾಸ ವ್ರತಕ್ಕೆ ತಯಾರಾಗುತ್ತಿದ್ದ ಆ ತರುಣನಿಗೆ ಕ್ರೈಸ್ತ ಮಠದವರು ಇಟ್ಟ ಹೆಸರು ಗಂಟೆ ಬ್ರದರ್. "ಗಂಟೆ ಹೊಡೆದ್ರೆ ದೇವರೇ ಕರೆದ ಹಾಗೆ, ಕೈಲಿದ್ದ ಕೆಲಸ ಅಲ್ಲೇ ಬಿಡಬೇಕು" ಎಂದು ಗುರುಗಳು ಮೊದಲ ದಿನ ಹೇಳಿದ್ದನ್ನು ಅವನು ಚಾಚೂ ತಪ್ಪದೆ ಪಾಲಿಸುತ್ತಿದ್ದ. ಅರ್ಧ ಗಡ್ಡ ಬೋಳಿಸಿ, ಉಳಿದರ್ಧಕ್ಕೆ ನೊರೆ ಮೆತ್ತಿಕೊಂಡೇ ಪ್ರಾರ್ಥನೆಗೆ ಓಡಿಬರುತ್ತಿದ್ದ. ಅಮ್ಮನಿಗೆ ಬರೆದ ಕಾಗದ "ನನಗೆ ಇಲ್ಲಿ ತುಂಬಾ" ಎಂಬಲ್ಲಿಗೇ ನಿಂತು, ಯಾರೋ ಅದನ್ನು ಹಾಗೇ ಅಂಚೆಗೆ ಹಾಕಿ, ಆಕೆ ಗಾಬರಿಬಿದ್ದು ಓಡಿಬಂದಿದ್ದಳು. ನಲ್ಲಿ ಬಿಟ್ಟು ಓಡಿದ ದಿನ ಅಡುಗೆಮನೆಯಲ್ಲಿ ಚೊಂಬುಗಳು ತೇಲಿದ್ದವು. "ನೀನು ನಲ್ಲಿ ತಿರುಗಿಸೋವರೆಗೂ ದೇವರು ಕಾಯ್ತಾನೆ ಕಣಪ್ಪಾ!" ಎಂದು ಅಡುಗೆಯವ ಹಣೆ ಚಚ್ಚಿಕೊಂಡಿದ್ದ. ಪ್ರಾರ್ಥನೆಯಲ್ಲಿ ಇಂಥವನ ಜಾಗ, ವ್ರತಕ್ಕೆ ಯಾರು ಯೋಗ್ಯರೆಂದು ಗುರುಗಳು ತೀರ್ಮಾನಿಸುವ ದಿನವೇ, ಗಂಟೆ ಹೊಡೆದರೂ ಖಾಲಿ! ಗುರುಗಳು ಹುಡುಕಿಕೊಂಡು ಹೋದರೆ, ಹಾಸಿಗೆ ಹಿಡಿದಿದ್ದ ಮುದಿ ಪಾದ್ರಿಗೆ ಅವನು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದ. "ಗಂಟೆ ಕೇಳಿಸ್ಲಿಲ್ವಾ?" "ಕೇಳಿಸ್ತು ಫಾದರ್. ಇವರಿಗೆ ಒಂದು ಗುಟುಕು ಇಳಿಯೋಕೆ ಐದು ನಿಮಿಷ ಬೇಕು. ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ, ತಪ್ಪಾಯ್ತು. ನನ್ನ ವ್ರತ ಹೋಯ್ತಾ?" ಪ್ರಾರ್ಥನೆಗೆ ಹೊತ್ತಾಯಿತೆಂದು ಹಸಿದವರನ್ನು ದಾಟಿಹೋಗುವ ನಮ್ಮಂಥ ಭಕ್ತರು ಆಗ ಆ ಬಾಗಿಲಲ್ಲಿ ನಿಂತಿರಬೇಕಿತ್ತು. ಗುರುಗಳು ನಿಲುವಂಗಿಯ ತೋಳು ಮೇಲಕ್ಕೆ ಮಡಚಿ, ಮುದುಕರ ತಲೆಯನ್ನು ಮೆಲ್ಲಗೆ ಎತ್ತಿ ಹಿಡಿದು, "ವ್ರತದ ಪಟ್ಟೀಲಿ ಮೊದಲ ಹೆಸರು ನಿಂದೇ. ಈಗ ಇನ್ನೊಂದು ಚಮಚ ಕೊಡು, ಬ್ರದರ್" ಎಂದರು. ಅಂದು ಪ್ರಾರ್ಥನೆಯಲ್ಲಿ ಎರಡು ಜಾಗ ಖಾಲಿಯಿದ್ದವು.