ಪ್ಯಾಲೆಟ್ ಮೇಲಿನ ಎರಡನೆಯ ಮುದ್ರೆ

೨೦೨೪ರಲ್ಲಿ ನಾನು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಡಿಸ್ಪ್ಯಾಚ್ ಕ್ಲರ್ಕ್. ಖಾನಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ನೇಮಕಾತಿ ಪತ್ರದಲ್ಲಿ ಬರೆಯದ ಇನ್ನೊಂದು ಕೆಲಸವೂ ನನಗಿತ್ತು: ಮಾಲೀಕರಿಂದ ಹಿಡಿದು ಕ್ರೇನಿನವರೆಗೆ ಎಲ್ಲರ ದನಿ ತೆಗೆದು ಅಣಕಿಸುವುದು. ನನ್ನನ್ನೂ ಅಣಕಿಸಿಕೊಳ್ಳುತ್ತಿದ್ದೆ, ಅದಕ್ಕೇ ಹೆಚ್ಚು ನಗು ಬೀಳುತ್ತಿತ್ತು.

ನಮ್ಮ ವಿಭಾಗದ ಮುಖ್ಯಸ್ಥೆ ಸುಮಂಗಲಾ ಅಕ್ಕ. ಹಿಂದಿನ ತಿಂಗಳು ಅವರು ಕಳಿಸಿದ ಪಂಪಿನ ಬಿಡಿಭಾಗಗಳ ಲೋಡು ಪರದೇಶದ ಬಂದರಿನಿಂದ ವಾಪಸಾಗಿತ್ತು. ಸರಕು ಚೊಕ್ಕವಾಗಿತ್ತು, ಕಾಗದ ತಪ್ಪಿತ್ತು. ಇನ್ನೊಮ್ಮೆ ಹಾಗಾದರೆ ಗಿರಾಕಿ ಹೋಗುತ್ತಾನೆ, ಅವನ ಹಿಂದೆ ನೀವೂ ಹೋಗಬೇಕಾಗುತ್ತದೆ ಎಂದು ಮಾಲೀಕರು ಎಲ್ಲರೆದುರೇ ಅಕ್ಕನಿಗೆ ಹೇಳಿದ್ದರು.

ಅದೇ ಗಿರಾಕಿಗೆ, ಅದೇ ಬಂದರಿಗೆ ಹೋಗಬೇಕಾದ ಮುಂದಿನ ಲೋಡು ಮೂವತ್ತೆರಡು ಪ್ಯಾಲೆಟ್. ಪ್ಯಾಲೆಟ್ ಎಂದರೆ ಸರಕಿನ ಕೆಳಗಿಡುವ ಮರದ ಚೌಕಟ್ಟು. ಮರದೊಳಗಿನ ಹುಳ ಸಾಯುವಂತೆ ಅದನ್ನು ಕಾಯಿಸಿ, ಕಾಯಿಸಿದ ಕಂಪನಿಯವರೇ ಮುದ್ರೆ ಒತ್ತಬೇಕು. ಆ ದೇಶಕ್ಕೆ ಮುದ್ರೆ ಎಷ್ಟು ಕಡೆ ಬೇಕೆಂದು ಫೋನಿನಲ್ಲಿದ್ದ ಎಐ ಸಹಾಯಕನನ್ನು ಕೇಳಿದೆ. ಒಂದು ಕಡೆ ಸಾಕು ಎಂದಿತು. ನಾನು ಅಲ್ಲಿಗೆ ಬಿಡುತ್ತೇನೆಯೇ? ಅದರ ವಿನಯದ ದನಿ ತೆಗೆದು, ಕೈ ಮುಗಿದು, ಪ್ಯಾಕಿಂಗ್ ಶೆಡ್ಡಿನಲ್ಲಿ ಸಾರಿದೆ: "ಖಂಡಿತವಾಗಿಯೂ! ಒಂದೇ ಕಡೆ ಸಾಕು!" ಶೆಡ್ಡು ನಕ್ಕಿತು, ನಂಬಿತು. ಪ್ಯಾಕಿಂಗ್ ಮೇಸ್ತ್ರಿ ಪರಶುರಾಮ ಮಾಮಾ ಒಂದು ಕಡೆ ಮುದ್ರೆಯಿದ್ದ ಪ್ಯಾಲೆಟ್‌ಗಳ ಉಳಿದ ಬದಿಗಳನ್ನು ಮುಚ್ಚಿ ಹಲಗೆ ಬಡಿಯಲು ಶುರು ಮಾಡಿದರು.

ಸ್ವಲ್ಪ ಹೊತ್ತಿಗೆ ಬಂದ ಅಕ್ಕ ನಗಲಿಲ್ಲ.

"ನಾಟಕ ಸಾಕು. ಅದು ಎಲ್ಲಿ ಓದಿ ಹೇಳೈತಿ?"

"ಅದಕ್ಕ ಎಲ್ಲಾ ಗೊತ್ತಿರತೈತ್ರಿ ಅಕ್ಕಾರ."

"ನಿನಗೂ ಎಲ್ಲಾ ಗೊತ್ತಿರತೈತಿ. ಹಂಗಂತ ನಿನ್ನ ನಂಬೇನೇನು? ಕೇಳು ಅದನ್ನ."

ಕೇಳಿದೆ. ಅದು ನನ್ನ ಹಾಗೆ ಸಬೂಬು ಹೇಳಲಿಲ್ಲ. ತಾನು ಹೇಳಿದ್ದು ತರಬೇತಿಯಲ್ಲಿ ಓದಿದ್ದರ ಆಧಾರದ ಮೇಲೆ, ಆ ಓದು ಒಂದು ದಿನಕ್ಕೆ ನಿಂತಿದೆ, ಆಮೇಲೆ ನಿಯಮ ಬದಲಾಗಿರಬಹುದು, ಇಂಟರ್ನೆಟ್‌ನಲ್ಲಿ ಹುಡುಕಲೇ ಎಂದಿತು. ಹುಡುಕು ಎಂದೆ. ಅರೆ ನಿಮಿಷದಲ್ಲಿ ಲಿಂಕು, ತಾರೀಖು ಸಹಿತ ಪುಟಗಳನ್ನು ತಂದಿಟ್ಟಿತು. ಒಂದು ಸಾಗಣೆ ಕಂಪನಿಯ ಹಳೆಯ ಪುಟ ಒಂದು ಕಡೆ ಸಾಕು ಎನ್ನುತ್ತಿತ್ತು. ಆ ದೇಶದ ತಪಾಸಣೆ ಇಲಾಖೆಯ ಆರು ವಾರದ ಹಿಂದಿನ ಪ್ರಕಟಣೆ, ಎದುರುಬದುರು ಎರಡು ಕಡೆ ಬೇಕು ಎನ್ನುತ್ತಿತ್ತು. ಇಲಾಖೆಯದೇ ಹೊಸದು, ತನ್ನ ಮೊದಲಿನ ಉತ್ತರ ತಪ್ಪು, ಆದರೂ ರಫ್ತಿನ ಕಾಗದ ನೋಡುವ ನಿಮ್ಮ ಏಜೆಂಟರನ್ನು ಕೇಳಿ ಖಚಿತಪಡಿಸಿಕೊಳ್ಳಿ ಎಂದಿತು. ತಪ್ಪೊಪ್ಪಿಕೊಳ್ಳುವ ಆ ದನಿ ತೆಗೆಯಲು ನನಗೆ ಇವತ್ತಿಗೂ ಬಂದಿಲ್ಲ. ಅಭ್ಯಾಸ ಇಲ್ಲ ನೋಡಿ.

ಅಕ್ಕ ಲಿಂಕ್ ತೆರೆದು ಪ್ರಕಟಣೆಯನ್ನು ತಾವೇ ಓದಿದರು. ಏಜೆಂಟರಿಗೆ ಫೋನ್ ಹಚ್ಚಿದರು. ಖರೇ, ಎರಡು ಕಡೆ ಎಂದರು ಅವರೂ.

"ಮಾಮಾ, ಬಡಿಯೂದು ನಿಲ್ಲಸ್ರಿ!"

"ಹದಿನೆಂಟು ಮುಗದಾವಲ್ರಿ ಬಾಯಾರ!" ಮಾಮಾ ಸುತ್ತಿಗೆಯನ್ನು ನನ್ನ ಕಡೆ ತಿರುಗಿಸಿದರು. "ಬಾರಪಾ ಖಂಡಿತವಾಗಿಯೂ, ನೀನ ಬಿಚ್ಚು ಈಗ."

ಬಿಚ್ಚಿದೆ, ಹದಿನೆಂಟನ್ನೂ. ಮರ ಕಾಯಿಸಿದ ಕಂಪನಿಯವರು ಮರುದಿನ ಬಂದು ಎರಡನೆಯ ಮುದ್ರೆ ಒತ್ತಿದರು. ಲಾರಿ ತಡವಾಗಿ ಹೊರಟರೂ ಲೋಡು ಆ ಬಂದರು ದಾಟಿತು. ಗಿರಾಕಿ ಉಳಿದ, ಅಕ್ಕನೂ ಉಳಿದರು.

ತನ್ನ ತಿಳಿವಳಿಕೆ ಎಲ್ಲಿಗೆ ನಿಂತಿದೆ ಎಂದು ಹೇಳಿ, ಎದ್ದು ಹೋಗಿ ಹೊಸ ಕಾಗದ ತರುವವರನ್ನು ಆ ಶೆಡ್ಡಿನಲ್ಲಿ ಅಲ್ಲಿಯವರೆಗೆ ಒಬ್ಬರನ್ನೇ ಕಂಡಿದ್ದೆ, ಅಕ್ಕನನ್ನು. ಅವತ್ತು ಇಬ್ಬರಾದರು. ಈಗ ಯಾವ ಉತ್ತರ ಬಂದರೂ ಅದು ಯಾವ ದಿನದ್ದು ಎಂದು ಮೊದಲು ನೋಡುತ್ತೇನೆ. ಅಕ್ಕ ದಿನಾಂಕ ನೋಡಿ, ಲಿಂಕ್ ತೆರೆದು, ಕೊನೆಯ ಸಾಲಿನವರೆಗೂ ಓದುತ್ತಾರೆ. ಅದಕ್ಕೇ ಅವರು ಮುಖ್ಯಸ್ಥೆ, ನಾನಿನ್ನೂ ಕ್ಲರ್ಕ್.