ತೊಳೆದ ಹಾಲಿನ ಕವರ್

"ಟೀಚರೇ, ಬೇಜಾರು ಮಾಡ್ಬೇಡಿ. ನಿಮಗೆ ಶುಗರ್ ಬಿಟ್ಟರೆ ಬೇರೆ ಎಂತಾದ್ರೂ ಕಾಯಿಲೆ ಉಂಟಾ?"

ತಿಂಗಳಿಗೊಮ್ಮೆ ಪಂಚಾಯತಿನಿಂದ ಪ್ಲಾಸ್ಟಿಕ್ ಒಯ್ಯಲು ಬರುವ ಸರೋಜಿನಿ ಗೇಟಿನಲ್ಲಿ ನಿಂತು ಹೀಗೆ ಕೇಳಿದಾಗ ನನಗೆ ಸಿಟ್ಟೇ ಬಂತು. ನನ್ನ ಕಾಯಿಲೆಯ ಉಸಾಬರಿ ಇವಳಿಗೇಕೆ? ಆಮೇಲೆ ನೋಡಿದರೆ ಅವಳ ಕೈಯಲ್ಲಿ ಚೀಲವಿಲ್ಲ, ಹೆಬ್ಬೆರಳಿಗೆ ಬ್ಯಾಂಡೇಜು.

ಪಂಚಾಯತಿನ ಶೆಡ್ಡಿನಲ್ಲಿ ಕುಳಿತು ಕಸ ವಿಂಗಡಿಸುವಾಗ ಹಾಲಿನ ಕವರಿನೊಳಗಿದ್ದ ಇನ್ಸುಲಿನ್ ಸೂಜಿ ಚುಚ್ಚಿತಂತೆ. ಬೆರಳು ಬಾತು ಕೆಲಸಕ್ಕೆ ಹೋಗದೆ ವಾರವಾಗಿದೆ. ರಕ್ತಪರೀಕ್ಷೆ ಮಾಡಿಸಿದ ಡಾಕ್ಟರು, ಸೂಜಿ ಯಾರದೆಂದು ಗೊತ್ತಿದ್ದರೆ ಅವರಿಗೆ ರಕ್ತದಿಂದ ಹರಡುವ ಕಾಯಿಲೆ ಏನಾದರೂ ಇದೆಯೇ ಎಂದು ವಿಚಾರಿಸಿ ಬಾ ಎಂದಿದ್ದಾರೆ.

"ನಮ್ಮ ಮನೆಯದ್ದೇ ಅಂತ ಹೇಗೆ ಹೇಳ್ತಿ?"

"ಇಷ್ಟು ಚಂದ ತೊಳೆದ ಕವರ್ ಈ ವಾರ್ಡಿನಲ್ಲಿ ಬೇರೆ ಯಾರೂ ಕೊಡುದಿಲ್ಲ, ಟೀಚರೇ."

ನಿಜ. ಹಾಲಿನ ಕವರ್ ತೊಳೆದು, ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸುವವಳು ನಾನು. ಯಾವ ತಿಂಗಳು ಗಾಜು, ಯಾವ ತಿಂಗಳು ಹಳೆ ಚಪ್ಪಲಿ ಎಂದು ಪಂಚಾಯತಿನವರು ಕೊಟ್ಟ ಮಲಯಾಳ ಪಟ್ಟಿಯನ್ನು ಫ್ರಿಜ್ಜಿಗೆ ಅಂಟಿಸಿದ್ದೇನೆ. ಅದರಲ್ಲಿ ಸೂಜಿಯ ಸುದ್ದಿ ಇರಲಿಲ್ಲ, ಯಾರಿಗೆ ಕೊಡುವುದೆಂದು ನಾನೂ ಕೇಳಲಿಲ್ಲ. ಕಣ್ಣಿಗೆ ಕಾಣಬಾರದೆಂದು ಕವರಿನೊಳಗೆ ಮಡಚಿಟ್ಟಿದ್ದೆ.

"ಬೇರೆ ಎಂತದೂ ಇಲ್ಲ" ಎಂದೆ. ಅವಳು ನೆಮ್ಮದಿಯ ಉಸಿರು ಬಿಟ್ಟು ಹೊರಟಳು.

ಆದರೆ ಇಲ್ಲವೆಂದು ನನಗಾದರೂ ಹೇಗೆ ಗೊತ್ತು? ಮರುದಿನ ಕಾಸರಗೋಡಿಗೆ ಹೋಗಿ, ಅವಳಿಗೆ ಮಾಡಿದ ರಕ್ತಪರೀಕ್ಷೆಗಳನ್ನೇ ನನಗೂ ಮಾಡಿಸಿದೆ. ವರದಿ ಬರಲು ಎರಡು ದಿನ ಹಿಡಿಯಿತು. ಆ ಎರಡು ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಸರೋಜಿನಿ ನನ್ನ ಗೇಟಿಗೆ ಬರುವಾಗಲೇ ಅವಳಿಗೆ ಅಂಥ ರಾತ್ರಿಗಳು ಏಳು ಕಳೆದಿದ್ದವು.