ತಂಗಿಗೆ ನೋಡಿದ ಗಂಡಿನ ಬೆನ್ನುಹತ್ತಿ ಮಲ್ಪೆಗೆ ಹೋದದ್ದು

೧೯೯೭ನೇ ಇಸವಿ, ಡಿಸೆಂಬರ್ ತಿಂಗಳು. ನಮ್ಮ ಹುಲ್ಲಹಳ್ಳಿಯಲ್ಲಿ ಭತ್ತದ ಕುಯ್ಲು ಮುಗಿದು ಕೈ ಬಿಡುವಾಗಿತ್ತು. ನನ್ನ ತಂಗಿ ಭಾಗ್ಯಳನ್ನು ನೋಡಲು ತಿ. ನರಸೀಪುರದಿಂದ ಪುಟ್ಟಸ್ವಾಮಿ ಎಂಬ ಹೈಸ್ಕೂಲು ಮೇಷ್ಟ್ರು ಬಂದು ಹೋಗಿದ್ದರು. ಇವಳೂ ಒಪ್ಪಿದ್ದಳು, ಅವರೂ ಒಪ್ಪಿದ್ದರು. ಇನ್ನು ಉಳಿದದ್ದು ನನ್ನ ಕೆಲಸ.

ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಗಂಡಿನ ಊರಿಗೆ ಹೋಗಿ ಗುಟ್ಟಾಗಿ ವಿಚಾರಿಸಿಕೊಂಡು ಬರುವ ಪದ್ಧತಿ ಇದೆ. ಟೀ ಅಂಗಡಿ, ಕ್ಷೌರದಂಗಡಿ, ಅಕ್ಕಪಕ್ಕದ ಮನೆ, ಎಲ್ಲ ಕಡೆ ಕಿವಿಗೊಡಬೇಕು. ಹಿರಿಯ ಮಗನೆಂದು ಅಪ್ಪ ಅದನ್ನು ನನಗೇ ಬಿಟ್ಟಿದ್ದರು. ನನ್ನದೋ ಹುಟ್ಟಾ ಅನುಮಾನದ ಬುದ್ಧಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನನಗಾಗಿಯೇ ಹುಟ್ಟಿದ್ದು ಎಂದು ನನ್ನ ಹೆಂಡತಿ ಈಗಲೂ ಅನ್ನುತ್ತಾಳೆ. ಹಿಂದೆ ಬಂದ ಎರಡು ಸಂಬಂಧವನ್ನೂ ನಾನೇ ಮುರಿದಿದ್ದೆ. ಚಿಕ್ಕಯ್ಯನಛತ್ರದ ಹುಡುಗ ಮಾತಾಡುವಾಗ ನೆಲ ನೋಡುತ್ತಾನೆ, ಏನೋ ಮುಚ್ಚಿಡುತ್ತಿದ್ದಾನೆ ಎಂದೆ. ಸುತ್ತೂರು ಕಡೆಯವನು ಎಲ್ಲದಕ್ಕೂ ನಗುತ್ತಾನೆ, ಕುಡಿಯುತ್ತಾನೇನೋ ಎಂದೆ. ಅಪ್ಪ ನನ್ನ ಮಾತು ಮೀರುತ್ತಿರಲಿಲ್ಲ. ಭಾಗ್ಯಳಿಗೆ ಆಗಲೇ ಇಪ್ಪತ್ತಾರು ತುಂಬಿತ್ತು.

ನಾನು ಹೊರಡುವಾಗ ಅವಳು ಹಿತ್ತಿಲ ಬಾಗಿಲಲ್ಲಿ ನಿಲ್ಲಿಸಿಕೊಂಡು ಹೇಳಿದಳು: “ಅಣ್ಣ, ಈ ಸಲಾನೂ ಬ್ಯಾಡ ಅಂದ್ಕಂಡು ಬಂದ್ರೆ ಇನ್ನೊಬ್ರ ಮುಂದೆ ಕಾಫಿ ತಟ್ಟೆ ಹಿಡ್ಕಂಡು ನಿಂತ್ಕಳದಿಲ್ಲ ನಾನು.”

ನರಸೀಪುರದಲ್ಲಿ ಯಾರನ್ನು ಕೇಳಿದರೂ ಮೇಷ್ಟ್ರು ಒಳ್ಳೆಯವರೆಂದೇ ಹೇಳಿದರು. ಎಲ್ಲರೂ ಒಂದೇ ಮಾತು ಹೇಳಿದರೆ ನನಗೆ ಇನ್ನೂ ಅನುಮಾನ. ಕೊನೆಗೆ ಕ್ಷೌರದಂಗಡಿಯಲ್ಲಿ, ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕೂತಾಗ, ಕ್ಷೌರದವನ ಬಾಯಿಂದ ಬೇಕಾದದ್ದು ಸಿಕ್ಕಿತು.

“ಮೇಷ್ಟ್ರು ಅಪರಂಜಿ ಕಣ್ರೀ. ಆದ್ರೆ ರಜ ಬಂದ್ರೆ ಸಾಕು, ಬ್ಯಾಗ್ ನೇತಾಕ್ಕಂಡು ಒಬ್ರೇ ಮಲ್ಪೆಗೆ ಓಯ್ತಾರೆ. ಅಲ್ಲೇನದೋ, ದೇವ್ರೇ ಬಲ್ಲ.”

ನನಗೆ ಗಾಬರಿಯ ಜೊತೆಗೆ ಒಳಗೊಳಗೇ ಒಂದು ಖುಷಿಯೂ ಆಯಿತು. ನಾನು ಅಂದುಕೊಂಡದ್ದು ಸರಿಯಾಯಿತಲ್ಲ ಎಂಬ ಖುಷಿ. ಅಲ್ಲೊಂದು ಸಂಸಾರ ಇದ್ದೇ ಇರಬೇಕು ಎಂದು ತೀರ್ಮಾನಿಸಿಬಿಟ್ಟೆ. ಕಣ್ಣಾರೆ ಕಂಡು ಬರಬೇಕೆಂದು ಕ್ರಿಸ್ಮಸ್ ರಜಕ್ಕೆ ಅವರು ಹೊರಟ ದಿನ ಮೈಸೂರಿನಲ್ಲಿ ಅವರು ಹತ್ತಿದ ಉಡುಪಿ ಬಸ್ಸನ್ನೇ ಹತ್ತಿದೆ. ಮುಖಕ್ಕೆ ಮಫ್ಲರ್ ಸುತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತೆ.

ಮರುದಿನ ಮಲ್ಪೆಯಲ್ಲಿ ಅವರು ಯಾವ ಮನೆಗೂ ಹೋಗಲಿಲ್ಲ. ಬಂದರಿನಿಂದ ನೇರ ದ್ವೀಪಕ್ಕೆ ಹೋಗುವ ಬೋಟು ಹತ್ತಿದರು. ನಾನೂ ಜನರ ನಡುವೆ ನುಸುಳಿದೆ. ಅದು ಸೇಂಟ್ ಮೇರೀಸ್ ದ್ವೀಪ. ಇಳಿದವನಿಗೆ ಮೊದಲು ಕಂಡದ್ದು ಸಾಲುಸಾಲು ಕಲ್ಲಿನ ಕಂಬಗಳು, ಒಂದೊಂದಕ್ಕೂ ಐದಾರು ಮೂಲೆ. ನಂಜನಗೂಡಿನ ದೇವಸ್ಥಾನದ ಕಂಬ ನೋಡಿ ಬೆಳೆದವನು ನಾನು. ಯಾವನೋ ರಾಜ ಕಟ್ಟಿಸಿದ್ದ ಗುಡಿ ಬಿದ್ದುಹೋಗಿದೆ ಎಂದುಕೊಂಡೆ.

ಜನ ಮರಳಿನಲ್ಲಿ ಆಡುತ್ತಿದ್ದರೆ ಮೇಷ್ಟ್ರು ದ್ವೀಪದ ಇನ್ನೊಂದು ತುದಿಗೆ ನಡೆದರು. ನನಗೆ ಅನುಮಾನ ಹೆಚ್ಚಾಯಿತು. ಕಂಬಗಳ ಮರೆಯಲ್ಲಿ ಹಿಂಬಾಲಿಸಿ, ಮೊಣಕಾಲುದ್ದ ನೀರು ದಾಟಿ, ಒಂಟಿ ಬಂಡೆಯೊಂದರ ಹಿಂದೆ ಅಡಗಿ ಕೂತೆ. ಅವರು ದಡದ ಬಂಡೆಯ ಮೇಲೆ ಬೋರಲಾಗಿ ಮಲಗಿ, ಕಲ್ಲಿನ ಗುಂಡಿಯಲ್ಲಿ ನಿಂತ ನೀರನ್ನು ದಿಟ್ಟಿಸತೊಡಗಿದರು. ಏಡಿಗಳು ಸಂದಿಯಿಂದ ಹೊರಬಂದು ಅವರ ಕೈ ಪಕ್ಕದಲ್ಲೇ ಓಡಾಡಿದವು. ಬೂದು ಬಣ್ಣದ ಕೊಕ್ಕರೆಯೊಂದು ಹತ್ತೇ ಮಾರು ದೂರದಲ್ಲಿ ಮೀನಿಗೆ ಹೊಂಚು ಹಾಕಿ ನಿಂತಿತ್ತು. ಮೇಷ್ಟ್ರು ಆಗಾಗ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದರು. ಒಂದು ಗಂಟೆ ಕಳೆದರೂ ಯಾರೂ ಬರಲಿಲ್ಲ. ಈಗ ಬರುತ್ತಾಳೆ, ಈಗ ಬರುತ್ತಾಳೆ ಎಂದು ನಾನು ಕಾದೇ ಕಾದೆ.

ಇಲ್ಲಿ ನನ್ನ ದಡ್ಡತನ ಹೇಳಬೇಕು. ನಾವು ಕಪಿಲೆಯ ದಡದವರು. ನಮ್ಮ ಹೊಳೆ ಏರಬೇಕಾದರೆ ಮೊದಲು ನೀರು ಕೆಂಪಾಗುತ್ತದೆ, ಕಸಕಡ್ಡಿ ತೇಲಿ ಬರುತ್ತದೆ, ಸದ್ದು ಬದಲಾಗುತ್ತದೆ. ತಿಳಿನೀರಿಗೆ ನಾವು ಹೆದರಿದವರೇ ಅಲ್ಲ. ಸಮುದ್ರಕ್ಕೆ ದಿನಾ ಉಬ್ಬರ ಇಳಿತ ಇರುತ್ತದೆ ಎಂದು ಶಾಲೆಯಲ್ಲಿ ಓದಿದ್ದೆ, ಅಷ್ಟೇ. ಕನ್ನಡಿಯಂಥ ನೀರು ಬಂಡೆಯ ಸುತ್ತ ಏರುತ್ತಿದ್ದರೂ ಬಣ್ಣ ಬದಲಾಗಿಲ್ಲವಲ್ಲ ಎಂದು ಸುಮ್ಮನೆ ಕೂತಿದ್ದೆ. ಬಿಚ್ಚಿಟ್ಟಿದ್ದ ಚಪ್ಪಲಿ ತೇಲಿಹೋದಾಗ ತಿರುಗಿ ನೋಡಿದರೆ, ಮೊಣಕಾಲುದ್ದವಿದ್ದ ದಾರಿ ಎದೆಮಟ್ಟ ತುಂಬಿತ್ತು. ನಾಲೆಯಲ್ಲಿ ಈಜಿ ಬೆಳೆದವನು ಎಂಬ ಜಂಬದಲ್ಲಿ ಇಳಿದೆ. ಅಲೆ ಎತ್ತಿ ಬಂಡೆಗೆ ಒಗೆಯಿತು. ಕಲ್ಲಿಗೆ ಕಚ್ಚಿಕೊಂಡಿದ್ದ ಚಿಪ್ಪುಗಳಿಗೆ ಮಂಡಿ ಸೀಳಿ ರಕ್ತ ಬಂತು. ಹೇಗೋ ಮೇಲೆ ಹತ್ತಿ, ಬಂಡೆ ತಬ್ಬಿಕೊಂಡೆ. ಅಳುವೇ ಬಂದುಬಿಟ್ಟಿತು. ಆದರೂ ಮೇಷ್ಟ್ರನ್ನು ಕೂಗಲು ಬಾಯಿ ಬರಲಿಲ್ಲ. ಕೂಗಿದರೆ ಸಿಕ್ಕಿಬೀಳುತ್ತೇನಲ್ಲ.

ಅವರೇ ಎದ್ದು ಆಚೆ ದಡಕ್ಕೆ ಬಂದರು. ಆಶ್ಚರ್ಯವನ್ನೇನೂ ಪಡಲಿಲ್ಲ. ಪಾಠ ಮಾಡುವ ದನಿಯಲ್ಲಿ, ಎಡಗಡೆ ನೀರಿನೊಳಗೆ ಮೊಟಕು ಕಂಬಗಳ ಸಾಲಿದೆ, ದೊಡ್ಡ ಅಲೆ ಹೋದ ಮೇಲೆ ಮಾತ್ರ ಒಂದೊಂದರ ಮೇಲೆ ಕಾಲಿಡಿ ಎಂದರು. ಅರ್ಧ ದಾರಿಗೆ ತಾವೇ ಇಳಿದು ಬಂದು ನನ್ನ ಕೈ ಹಿಡಿದರು. ನೀರಿನಡಿಯ ಒಂದೊಂದು ಕಲ್ಲೂ ಅವರಿಗೆ ಕಾಲಲ್ಲೇ ಗೊತ್ತಿತ್ತು.

ಕರ್ಚೀಫಿನಿಂದ ನನ್ನ ಮಂಡಿ ಕಟ್ಟುತ್ತಾ ಅವರು ಹೇಳಿದರು: “ಬಸ್ಸಲ್ಲೇ ಗುರ್ತು ಸಿಕ್ತು ನಿಮ್ದು. ನೋಡೋಕ್ ಬಂದೋರು ಪೂರಾ ನೋಡ್ಕಳ್ಲಿ ಅಂತ ಸುಮ್ನಿದ್ದೆ. ನೀರು ಏರೋದು ನಿಮ್ಗೂ ಕಾಣ್ತಾ ಅದೆ ಅನ್ಕಂಡಿದ್ದೆ, ತಪ್ಪಾಯ್ತು.”

ತಪ್ಪಾಯಿತು ಎಂದದ್ದು ಅವರು. ನನಗೆ ತಲೆ ಎತ್ತಲಾಗಲಿಲ್ಲ. ವಾಪಸು ಬೋಟಿಗೆ ಕಾಯುವಾಗ, ಈ ಕಂಬಗಳನ್ನು ಯಾರೂ ಕಡೆದಿಲ್ಲ, ಭೂಮಿಯೊಳಗಿನ ಬೆಂಕಿ ಉಕ್ಕಿ ಬಂದು ತಣಿದು ಹೀಗೆ ಸೀಳಿದೆ ಎಂದು ತಿಳಿಸಿದರು. ನೋಟ್‌ಬುಕ್ ತೋರಿಸಿದರು. ಆರು ವರ್ಷದಿಂದ ಅದೇ ಗುಂಡಿ, ಅದೇ ಸಂದಿ. ಯಾವ ಏಡಿ ಎಲ್ಲಿತ್ತು, ಯಾವ ಹಕ್ಕಿ ಎಷ್ಟು ಹೊತ್ತಿಗೆ ಬಂತು ಎಂಬುದೇ ಪುಟಗಟ್ಟಲೆ. ಇಷ್ಟೆಲ್ಲ ನೋಡಿ ಏನು ತಿಳಿಯಿತು ಎಂದು ಕೇಳಿದೆ.

“ಇನ್ನೂ ಏನೂ ಗೊತ್ತಾಗಿಲ್ಲ ಕಣ್ರೀ. ಅದ್ಕೇ ಬತ್ತೀನಿ.”

ಊರಿಗೆ ಬಂದವನೇ ಅಪ್ಪನಿಗೆ, ಕಣ್ಣು ಮುಚ್ಚಿಕೊಂಡು ಕೊಡಿ ಎಂದೆ. ಭಾಗ್ಯಳ ಹತ್ತಿರ ಮಾತ್ರ ಮಫ್ಲರಿನಿಂದ ಹಿಡಿದು ಬಂಡೆ ತಬ್ಬಿಕೊಂಡು ಅತ್ತದ್ದರವರೆಗೆ ಒಂದನ್ನೂ ಬಿಡದೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು.

“ಆ ಇಬ್ರನ್ನೂ ಇಂಗೇ ನೋಡಿದ್ದಾ ಅಣ್ಣ?”

ಹೀಗಾದರೂ ಎಲ್ಲಿ ನೋಡಿದ್ದೆ, ನಾನು ಬೇಡವೆಂದ ಆ ಹುಡುಗರಿಬ್ಬರನ್ನು ಒಂದೊಂದು ಲೋಟ ಟೀ ಕುಡಿಯುವಷ್ಟು ಹೊತ್ತು ನೋಡಿದ್ದೆ, ಅಷ್ಟೇ. ವೈಶಾಖದಲ್ಲಿ ಮದುವೆಯಾಯಿತು, ತಂಗಿ ನರಸೀಪುರದಲ್ಲಿ ಸುಖವಾಗಿದ್ದಾಳೆ. ಭಾವ ಆ ದಿನದ ವಿಷಯವನ್ನು ಯಾರ ಮುಂದೆಯೂ ಎತ್ತಿಲ್ಲ, ಅವಳೂ ಎತ್ತಿಲ್ಲ. ಆದರೆ ಚಿಕ್ಕಯ್ಯನಛತ್ರದ ಆ ಹುಡುಗ ಇವತ್ತಿಗೂ ಸಂತೆಯಲ್ಲಿ ಎದುರಾದರೆ, ನೆಲ ನೋಡುವವನು ನಾನು.